ದಾಂಪತ್ಯ ಸುಖಕ್ಕೆ ಅಡ್ಡವಾಗುವ ಮನದ ಬೇನೆ



ಕುಟುಂಬ ಕಲ್ಯಾಣವೆಂದೊಡನೆ ನಿಮಗೆ ಮಿತ ಸಂತಾನ, ಲಸಿಕೆ, ಶಸ್ತ್ರಚಿಕಿತ್ಸೆಗಳ ನೆನಪಾಗುವುದು ಸಹಜ. ಇಂದು ನಾನು ಅವುಗಳನ್ನು ಬದಿಗಿರಿಸಿ, ಉಣ್ಣಲು ಉಡಲು ಇದ್ದರೂ, ಗಂಡಹೆಂಡಿರಲ್ಲಿ ವಿರಸವಿಲ್ಲದಿದ್ದರೂ, ಸುಖವನ್ನು ಹೊಸ್ತಿಲಾಚೆಯೇ ತಡೆದು ನಿಲ್ಲಿಸುವ ಒಂದು ಬೇನೆಯನ್ನು ಕುರಿತು ಮಾತನಾಡಬಯಸುತ್ತೇನೆ. ವೈದ್ಯರು ಇದನ್ನು ಖಿನ್ನತೆ ಎನ್ನುತ್ತಾರೆ. ಹಳ್ಳಿಯಲ್ಲಿ ಇದಕ್ಕೆ ಮಂಕು, ದೃಷ್ಟಿ, ಸೋಮಾರಿತನ ಎಂಬ ಹೆಸರುಗಳುಂಟು.

ಈ ಬೇನೆ ಬಂದವರು 'ನನಗೆ ದುಃಖವಾಗಿದೆ' ಎಂದು ಹೇಳಿಕೊಂಡು ಆಸ್ಪತ್ರೆಗೆ ಬರುವುದು ಅಪರೂಪ. ಮೈಕೈ ನೋವು, ತಲೆಭಾರ, ಎದೆಯುರಿ, ಬಿಳಿಸೆರಗು, ಸುಸ್ತು ಎಂದೇ ಬರುತ್ತಾರೆ. ಒಂದು ಬಾಟಲಿ ಗ್ಲೂಕೋಸ್ ಏರಿಸಿರೆಂದು ಕೇಳುತ್ತಾರೆ. ಅರ್ಧ ಲೀಟರಿನ ಸಾಮಾನ್ಯ ಬಾಟಲಿಯಲ್ಲಿ ಇರುವುದು ಸುಮಾರು 25 ಗ್ರಾಂ ಸಕ್ಕರೆ ಮಾತ್ರ; ಒಂದು ದೊಡ್ಡ ಲೋಟ ಬೆಲ್ಲದ ಪಾನಕ ಕುಡಿದರೂ ಅಷ್ಟು ದೊರೆಯುತ್ತದೆ, ಸೂಜಿಯ ನೋವೂ ಇರುವುದಿಲ್ಲ. ಆದರೆ ಸುಸ್ತೆಲ್ಲವೂ ಮನಸ್ಸಿನದೆಂದು ತಳ್ಳಿಹಾಕುವುದೂ ಸರಿಯಲ್ಲ. ರಕ್ತಹೀನತೆಯಿಂದಲೂ ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಇದೇ ಬಗೆಯ ಜಡತ್ವ ಬರುವುದುಂಟು. ಆದ್ದರಿಂದ ಮೊದಲು ರಕ್ತ ಪರೀಕ್ಷೆ ಆಗಬೇಕು. ಅದರಲ್ಲಿ ದೋಷವೇನೂ ಕಾಣದೆ, ಎರಡು ವಾರಗಳಿಗೂ ಮೇಲ್ಪಟ್ಟು ಹೆಚ್ಚುಕಡಿಮೆ ಪ್ರತಿದಿನವೂ ಮನಸ್ಸು ಕುಗ್ಗಿದ್ದು, ಮೊದಲು ಹಿತವಾಗಿದ್ದ ಯಾವುದೂ ಹಿತವೆನಿಸದೆ, ಕೋಳಿ ಕೂಗುವ ಮುನ್ನವೇ ಎಚ್ಚರವಾಗಿ, ಅನ್ನ ರುಚಿಸದೆ, 'ನಾನು ಯಾರಿಗೂ ಬೇಡದವಳು' ಎಂಬ ಭಾವನೆ ಬೇರೂರಿದ್ದರೆ, ಅದು ಚಿಕಿತ್ಸೆಯನ್ನು ಬೇಡುವ ಖಿನ್ನತೆ.

ಹೆರಿಗೆಯ ನಂತರದ ಕಾಲವನ್ನು ವಿಶೇಷವಾಗಿ ಗಮನಿಸಬೇಕು. ಹೆತ್ತ ಮೂರು ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು ಬಹುಪಾಲು ಬಾಣಂತಿಯರಲ್ಲಿ ಕಾಣುವ ಸಂಗತಿ. ಎರಡು ವಾರಗಳೊಳಗೆ ತಾನಾಗಿಯೇ ಶಮನವಾಗುತ್ತದೆ. ಆಗದಿದ್ದರೆ ತಡಮಾಡಬಾರದು. ನಮ್ಮಲ್ಲಿ ಬಾಣಂತಿಯು ತವರಿನಲ್ಲಿರುತ್ತಾಳೆ, ಗಂಡನು ಹಬ್ಬಕ್ಕೋ ನಾಮಕರಣಕ್ಕೋ ಹೋಗಿ, ಮಗುವನ್ನು ಎತ್ತಿಕೊಂಡು, ಊಟ ಮಾಡಿ ಹಿಂತಿರುಗುತ್ತಾನೆ. ಪತ್ನಿಯ ಮುಖವನ್ನು ನೋಡಿ 'ನಿದ್ರೆ ಬರುತ್ತಿದೆಯೇ?' ಎಂದು ಕೇಳುವ ಅವಕಾಶವೇ ಅವನಿಗೆ ಒದಗುವುದಿಲ್ಲ. ಪತಿಯಾದವನು ಆ ಅವಕಾಶವನ್ನು ತಾನೇ ಮಾಡಿಕೊಳ್ಳಬೇಕು. ಇನ್ನು ಬಾಣಂತಿಯು ರಾತ್ರಿಗಟ್ಟಲೆ ನಿದ್ರಿಸದೆ, ಅಸಂಬದ್ಧವಾಗಿ ಮಾತನಾಡತೊಡಗಿ, ಇಲ್ಲದ ಧ್ವನಿ ಕೇಳಿಸುತ್ತದೆ ಎಂದರೆ, ಅದು ಬಾಣಂತಿ ಸನ್ನಿ. ಆಗ ಮಂತ್ರ ತಾಯಿತಗಳಲ್ಲಿ ಒಂದು ದಿನವನ್ನೂ ಕಳೆಯದೆ, ತಾಯಿ ಮಗು ಇಬ್ಬರನ್ನೂ ಒಂಟಿಯಾಗಿ ಬಿಡದೆ, ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ಗೋವೆಯ ತಾಯಂದಿರನ್ನು ಕುರಿತು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಬಡತನ ಮತ್ತು ದಾಂಪತ್ಯದಲ್ಲಿನ ಹಿಂಸೆಯೊಡನೆ ಹೆಣ್ಣುಮಗು ಹುಟ್ಟಿದ್ದೂ ಹೆರಿಗೆಯ ನಂತರದ ಖಿನ್ನತೆಗೆ ದಾರಿಯಾಗುವುದನ್ನು ತೋರಿಸಿತು. ಮಗುವಿನ ಲಿಂಗವನ್ನು ನಿರ್ಣಯಿಸುವುದು ತಂದೆಯ ವೀರ್ಯಾಣು, ತಾಯಿಯ ಅಂಡಾಣುವಲ್ಲ. ಹೆಣ್ಣು ಹೆತ್ತಳೆಂದು ಹಸಿ ಬಾಣಂತಿಯನ್ನು ಹಂಗಿಸುವ ಅತ್ತೆಯರಿಗೆ ಈ ಮಾತನ್ನು ಮಗನೇ ಹೇಳಿದರೆ ಒಳಿತು. ವೈದ್ಯರು ಹೇಳಿದರೆ ಅವರು ತಲೆಯಾಡಿಸಿ ಮರೆತುಬಿಡುತ್ತಾರೆ.

ಗಂಡಸರಿಗೂ ಈ ಬೇನೆ ತಪ್ಪಿದ್ದಲ್ಲ. ಅಳುವುದು ಗಂಡಸಿಗೆ ಒಪ್ಪುವುದಿಲ್ಲವೆಂಬ ಭಾವನೆಯಿಂದ ಅದು ಸಿಡುಕಾಗಿ, ಮೌನವಾಗಿ, ಕುಡಿತವಾಗಿ ಹೊರಬೀಳುತ್ತದೆ. ನಿದ್ರೆಗೆಂದು ಕುಡಿಯುವವನು ನಡುರಾತ್ರಿ ಎಚ್ಚೆತ್ತು, ಮೊದಲಿಗಿಂತ ಹೆಚ್ಚು ಕುಗ್ಗುತ್ತಾನೆ. ಬಹುಕಾಲ ಪ್ರತಿದಿನ ಕುಡಿದವನು ದೇವರ ಮೇಲೆ ಆಣೆಯಿಟ್ಟು ಒಮ್ಮೆಲೇ ನಿಲ್ಲಿಸಿದರೆ, ಎರಡು ಮೂರು ದಿನಗಳೊಳಗೆ ನಡುಕ, ಫಿಟ್ಸು, ಭ್ರಮೆಗಳು ಬರಬಹುದು. ಆದಕಾರಣ ಬಿಡುವ ಸಂಕಲ್ಪ ಮಾಡಿದ ದಿನವೇ ವೈದ್ಯರನ್ನು ಕಾಣಬೇಕು.

ಹಾಗಾದರೆ ಜನರು ಏಕೆ ಬರುವುದಿಲ್ಲ? 'ಹುಚ್ಚು ಎಂದಾರು' ಎಂಬ ನಾಚಿಕೆ ಮೊದಲನೆಯ ತಡೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ, ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರೇ ತರಬೇತಿ ಪಡೆದು ಇಂತಹ ರೋಗಿಗಳಿಗೆ ಚಿಕಿತ್ಸೆ ನೀಡಬಲ್ಲರೆಂದು ಮಾಡಿ ತೋರಿಸಿದರು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಜ್ವರಕ್ಕೆ ಬರುವ ಸಾಲಿನಲ್ಲಿಯೇ ನಿಂತು ಇದಕ್ಕೂ ಬರಬಹುದು. ನಿಮ್ಮ ಚೀಟಿಯನ್ನು ಯಾರೂ ಓದುವುದಿಲ್ಲ.

ಎರಡನೆಯದು ಮಾತ್ರೆಗಳ ಭಯ. ಖಿನ್ನತೆಯ ಮಾತ್ರೆಗಳು ನಿದ್ರೆಯ ಮಾತ್ರೆಗಳಂತೆ ಚಟ ಹಿಡಿಸುವುದಿಲ್ಲ. ಆದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರಗಳು ಬೇಕು, ಹೊಟ್ಟೆ ತೊಳಸುವುದು ಮಾತ್ರ ಮೊದಲ ವಾರದಲ್ಲೇ ಕಾಣುತ್ತದೆ. ಅನೇಕರು ಈ ಮೊದಲ ವಾರದಲ್ಲಿಯೇ ಮಾತ್ರೆಯನ್ನು ಬಿಟ್ಟುಬಿಡುತ್ತಾರೆ. ಪತಿಪತ್ನಿಯರಲ್ಲಿ ಒಬ್ಬರು ನುಂಗುವಾಗ ಇನ್ನೊಬ್ಬರು ದಿನವೂ ನೆನಪಿಸಿದರೆ ಅರ್ಧ ಚಿಕಿತ್ಸೆ ಆದಂತೆಯೇ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರ ಸಲಹೆಯಂತೆ ಕ್ರಮೇಣ ನಿಲ್ಲಿಸಬೇಕು. ಎದೆಹಾಲು ಉಣಿಸುವ ತಾಯಿಗೂ ತಕ್ಕ ಮಾತ್ರೆಗಳಿವೆ. ವೈದ್ಯರಿಗೆ ತಿಳಿಸಿದರೆ ಸಾಕು, ಹಾಲು ಬಿಡಿಸಬೇಕಾದ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ.

ಮನೆಯಲ್ಲಿ ಯಾರಾದರೂ 'ಬದುಕಿ ಏನು ಪ್ರಯೋಜನ' ಎಂದರೆ, ಅದು ನಾಟಕವೆಂದು ನಗಬೇಡಿ. ಏನು ಯೋಚನೆಯೆಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡದೆ, ಬೆಳೆಗೆ ಸಿಂಪಡಿಸುವ ಔಷಧಿಗಳನ್ನು ಅಂದೇ ಮನೆಯಿಂದ ತೆಗೆದು ಬೇರೆಡೆ ಬೀಗದಲ್ಲಿಡಿ. ಆ ಆವೇಗವು ಅನೇಕ ವೇಳೆ ಕೆಲವು ಗಳಿಗೆಗಳದ್ದು. ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಹಗಲಾಗಲಿ ರಾತ್ರಿಯಾಗಲಿ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ಆಪ್ತಸಲಹೆಗಾರರು ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡುತ್ತಾರೆ. ಆಸ್ಪತ್ರೆಗೆ ಬರುವಾಗ ಸಾಧ್ಯವಾದರೆ ದಂಪತಿಗಳಿಬ್ಬರೂ ಬನ್ನಿ. ತಾಯಿ ಕಾರ್ಡನ್ನೂ, ಈವರೆಗೆ ನುಂಗಿದ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಮರೆಯದೆ ತನ್ನಿರಿ.