ಮುಪ್ಪಿನ ಒಂಟಿತನ



ಏಕಾಂತವೆಂಬುದು ಬೇರೆ, ಒಂಟಿತನವೆಂಬುದು ಬೇರೆ. ಮೊದಲನೆಯದನ್ನು ಮನುಷ್ಯನು ತಾನಾಗಿ ಬಯಸುವನು. ಎರಡನೆಯದು ಬೇಡವೆಂದರೂ ಬಂದು ಕುಳಿತುಕೊಳ್ಳುವುದು. ಮನೆ ತುಂಬ ಮಕ್ಕಳಿದ್ದರೂ ಜಗಲಿಯ ಮೂಲೆಯ ಅಜ್ಜಿಗೆ ಅದು ತಪ್ಪದು. ಲೋಕದಲ್ಲಿ ಆರು ಜನರಿಗೊಬ್ಬರು ಇದರಿಂದ ಬಾಧಿತರೆಂದೂ, ಇದು ಹೃದ್ರೋಗ, ಪಾರ್ಶ್ವವಾಯುಗಳಿಗೆ ಎಡೆಗೊಡುವುದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ೨೦೨೫ರ ವರದಿಯಲ್ಲಿ ಹೇಳಿದೆ.

ಅಂಕೋಲೆ ತಾಲ್ಲೂಕಿನ ಹಿಲ್ಲೂರಿನಂತಹ ಹಳ್ಳಿಗಳಲ್ಲಿ ಮಕ್ಕಳು ದುಡಿಮೆಗೆಂದು ಗೋವೆಗೋ ಬೆಂಗಳೂರಿಗೋ ಹೋದರೆ ಮನೆಯಲ್ಲಿ ಉಳಿಯುವವರು ವೃದ್ಧರು. ತಿಂಗಳಿಗೊಮ್ಮೆ ಹಣ ಬಂದೀತು, ಮಾತು ಬಾರದು. ಕಿವಿ ಮಂದವಾದವರ ಪಾಡಂತೂ ಇನ್ನೂ ಕಷ್ಟ. ತಪ್ಪುತ್ತರ ಕೊಟ್ಟು ನಗೆಗೀಡಾಗುವ ಭಯದಿಂದ ಅವರು ಸುಮ್ಮನಾಗುವರು. ನಾವು ಅದನ್ನು ಮುಪ್ಪಿನ ಮುನಿಸೆಂದು ಭಾವಿಸುವೆವು! ಮೊದಲು ಕಿವಿಯನ್ನು ವೈದ್ಯರಿಗೆ ತೋರಿಸಬೇಕು. ಎದುರು ಕುಳಿತು ನಿಧಾನವಾಗಿ ನುಡಿಯಬೇಕು; ಕೂಗಿ ಪ್ರಯೋಜನವಿಲ್ಲ.

ಆದರೆ ಉಪಚಾರಕ್ಕಿಂತಲೂ ಹೆಚ್ಚಾಗಿ, ತಮ್ಮಿಂದ ಇತರರಿಗೆ ಏನಾದರೂ ಬೇಕಾಗಿರಲೆಂದು ಅವರು ಬಯಸುವರೆಂಬುದು ನಮ್ಮ ಅಭಿಪ್ರಾಯ. ಇದೇ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಪತಿಯನ್ನೂ ಸಾಕುಮಗನನ್ನೂ ಕಳೆದುಕೊಂಡವರು. ಆದರೂ ಅವರು ತಾಯಿಯಿಂದ ಕಲಿತ ಹಾಲಕ್ಕಿ ಹಾಡುಗಳನ್ನು ಕೇಳಲು ಜನರು ಅವರ ಅಂಗಳಕ್ಕೆ ಬರುತ್ತಿದ್ದರು. ೨೦೧೭ರಲ್ಲಿ ಪದ್ಮಶ್ರೀ ದೊರೆಯಿತು. ೨೦೨೫ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಪ್ರಶಸ್ತಿ ಎಲ್ಲರಿಗೂ ಬಾರದು, ಬೇಕಾಗಿಯೂ ಇಲ್ಲ. ಬೀಜದ ಭತ್ತವನ್ನು ಎಂದು ನೆನೆಹಾಕಬೇಕು, ಮುರುಗಲ ಸಿಪ್ಪೆಯನ್ನು ಎಷ್ಟು ಬಿಸಿಲಿಗೆ ಒಣಗಿಸಬೇಕು ಎಂದು ನಿಮ್ಮ ಮನೆಯ ಹಿರಿಯರನ್ನೇ ಕೇಳಿರಿ. ಕೇಳಿದ ಮೇಲೆ ಉತ್ತರ ಮುಗಿಯುವವರೆಗೆ ಕುಳಿತಿರಿ, ಅದು ದೀರ್ಘವಾದೀತು.