ಪ್ರಾಥಮಿಕ ಶಾಲೆಗಳಲ್ಲಿ ಅಂಗಸಾಧನೆಯೂ ಅದಕ್ಕೆ ಬೇಕಾದ ದ್ರವ್ಯಾನುಕೂಲವೂ



ವಿದ್ಯೆಯೆಂಬುದು ಬುದ್ಧಿಗೆ ಮಾತ್ರ ಸಂಬಂಧಪಟ್ಟುದೆಂಬ ಭಾವನೆಯು ನಮ್ಮ ಜನರಲ್ಲಿ ಬಲವಾಗಿ ಬೇರೂರಿರುವುದು. ಮಗುವನ್ನು ಪಾಠಶಾಲೆಗೆ ಕಳುಹಿಸುವ ತಂದೆತಾಯಿಗಳು ಸಂಜೆ ಅದು ಮನೆಗೆ ಬಂದೊಡನೆ, ಇಂದು ಏನು ಓದಿದೆ, ಎಷ್ಟು ಬರೆದೆ ಎಂದು ವಿಚಾರಿಸುವರೇ ಹೊರತು, ಇಂದು ಎಷ್ಟು ಓಡಿದೆ, ಯಾರೊಡನೆ ಆಡಿದೆ ಎಂದು ವಿಚಾರಿಸುವವರು ವಿರಳ. ಆದರೆ ಓದುವ ಕಣ್ಣೂ ಬರೆಯುವ ಕೈಯೂ ಕುಳಿತು ಕೇಳುವ ಬೆನ್ನೂ ಶರೀರದವೇ ಆಗಿರುವುವು. ಕಾಯವನ್ನು ಕಡೆಗಣಿಸಿದ ಸಾಧನೆಯು ಬಹುಕಾಲ ನಿಲ್ಲದೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಆದುದರಿಂದ ಚಿಕ್ಕ ಮಕ್ಕಳ ಅಂಗಸಾಧನೆಗೆ ನಮ್ಮ ಶಾಲೆಗಳಲ್ಲಿ ಯಾವ ಸ್ಥಾನವಿದೆ, ಅದಕ್ಕೆಂದು ದೊರೆಯುವ ಹಣವೆಷ್ಟು, ಆ ಹಣವನ್ನು ಹೇಗೆ ವಿನಿಯೋಗಿಸತಕ್ಕದ್ದು ಎಂಬ ಮೂರು ವಿಷಯಗಳನ್ನು ಈ ಸಭೆಯ ಮುಂದೆ ವಿಚಾರಿಸುವುದು ಯುಕ್ತವಾಗಿರುವುದು.

ಕನ್ನಡ ನಾಡಿಗೆ ಅಂಗಸಾಧನೆಯು ಹೊಸದಲ್ಲ. ಮೈಸೂರು ಮೊದಲಾದ ಊರುಗಳ ಗರಡಿಮನೆಗಳೂ, ಉತ್ತರ ಭಾಗದ ತಾಲೀಮುಖಾನೆಗಳೂ, ಕೆಮ್ಮಣ್ಣಿನ ಮಟ್ಟಿಯೂ, ಮಲ್ಲಕಂಬವೂ ನಮ್ಮವೇ. ಶಾಸ್ತ್ರಾಭ್ಯಾಸಕ್ಕೂ ಶರೀರಾಭ್ಯಾಸಕ್ಕೂ ವಿರೋಧವಿದೆಯೆಂಬ ಶಂಕೆಯುಳ್ಳವರು ಬೆಂಗಳೂರಿನ ಕೆ. ವಿ. ಅಯ್ಯರವರನ್ನು ಸ್ಮರಿಸಬೇಕು. ವ್ಯಾಯಾಮಶಾಲೆಯನ್ನು ನಡೆಸಿ ನೂರಾರು ತರುಣರ ಮೈಯನ್ನು ತಿದ್ದಿದ ಆ ಮಹನೀಯರೇ ‘ಶಾಂತಲಾ’ ಎಂಬ ಕಾದಂಬರಿಯನ್ನೂ ಬರೆದು ಸಾಹಿತ್ಯಲೋಕದಲ್ಲಿ ಕೀರ್ತಿಯನ್ನು ಪಡೆದರು. ಶಿಕ್ಷಣದ ಅಂಗವಾಗಿ ಇದನ್ನು ಕಲಿಸಬಲ್ಲ ಗುರುಗಳನ್ನು ಸಿದ್ಧಪಡಿಸುವ ಕಾರ್ಯವಾದರೂ ದಕ್ಷಿಣದೇಶದಲ್ಲಿ ಇಂದು ನಿನ್ನೆಯದಲ್ಲ. ಎಚ್. ಸಿ. ಬಕ್ ಎಂಬವರು 1920ರಲ್ಲಿಯೇ ಮದ್ರಾಸಿನಲ್ಲಿ ಅದಕ್ಕಾಗಿ ಒಂದು ಕಾಲೇಜನ್ನು ಆರಂಭಿಸಿದರು. ಆದರೂ ಗರಡಿಯು ಯುವಕರಿಗೆ, ಕಾಲೇಜು ಪ್ರೌಢಶಾಲೆಯ ಉಪಾಧ್ಯಾಯರಿಗೆ ಎಂಬಂತಾಗಿ, ಆರರಿಂದ ಹತ್ತು ವರ್ಷದ ಮಗುವು ಎರಡಕ್ಕೂ ಸೇರದೆ ನಡುವೆ ಉಳಿಯಿತು. ಓಡುವುದು, ಹಾರುವುದು, ಎಸೆಯುವುದು, ಹಿಡಿಯುವುದು, ಸಮತೂಕದಿಂದ ನಿಲ್ಲುವುದು ಈ ಮೂಲಕ್ರಿಯೆಗಳನ್ನು ಮೈಯು ಸುಲಭವಾಗಿ ಕಲಿಯುವ ಕಾಲವಾದರೋ ಅದೇ ಆಗಿರುವುದು.

ಪ್ರಕೃತ ಶಾಸನದ ಸ್ಥಿತಿಯನ್ನು ನೋಡೋಣ. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಪ್ರತಿಯೊಂದು ಶಾಲೆಗೂ ಆಟದ ಬಯಲಿರಬೇಕು, ಆಟದ ಸಾಮಗ್ರಿಯಿರಬೇಕು ಎಂದು ವಿಧಿಸಿರುವುದು. ಇದು ಸಂತೋಷದ ಸಂಗತಿ. ಆದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು ಕಲಿಸುವವರ ವಿಷಯಕ್ಕೆ ಬಂದಾಗ, ಅದೇ ಕಾಯಿದೆಯ ಅನುಸೂಚಿಯು 6ರಿಂದ 8ನೆಯ ತರಗತಿಗಳಲ್ಲಿ ಮಕ್ಕಳ ಸಂಖ್ಯೆಯು 100ನ್ನು ಮೀರಿದಲ್ಲಿ ಮಾತ್ರ ಅಂಶಕಾಲದ ಬೋಧಕರನ್ನು ಹೇಳಿರುವುದು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಅಂಥವರು ಬೇಕೆಂಬ ನಿಯಮವಿಲ್ಲ. 60 ಮಕ್ಕಳವರೆಗಿನ ಕಿರಿಯ ಶಾಲೆಗೆ ಇಬ್ಬರು ಉಪಾಧ್ಯಾಯರು. ಆ ಇಬ್ಬರೇ ಐದು ತರಗತಿಗಳ ಪಾಠವನ್ನೂ, ಲೆಕ್ಕಪತ್ರವನ್ನೂ, ಮಧ್ಯಾಹ್ನದ ಊಟದ ಮೇಲ್ವಿಚಾರಣೆಯನ್ನೂ ನೋಡಿಕೊಳ್ಳಬೇಕು. ಇಂಥಲ್ಲಿ ವೇಳಾಪಟ್ಟಿಯಲ್ಲಿ ಆಟದ ಅವಧಿಯೆಂದು ಬರೆದಿರುವುದು ಮಕ್ಕಳನ್ನು ಹೊರಗೆ ಬಿಡುವ ಹೊತ್ತಾಗುವುದೇ ವಿನಾ ಕಲಿಸುವ ಹೊತ್ತಾಗುವುದಿಲ್ಲ. ಬಲವುಳ್ಳ ನಾಲ್ವರು ಹುಡುಗರು ಚೆಂಡನ್ನು ಹಿಡಿದುಕೊಳ್ಳುವರು, ಉಳಿದವರು ಗೋಡೆಯ ನೆರಳಿನಲ್ಲಿ ಕುಳಿತು ನೋಡುವರು.

ಇನ್ನು ದ್ರವ್ಯದ ಮಾತು. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯು ಕ್ರೀಡಾ ಅನುದಾನವೆಂದು ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿಗಳನ್ನೂ, ಹಿರಿಯ ಪ್ರಾಥಮಿಕ ಶಾಲೆಗೆ 10,000 ರೂಪಾಯಿಗಳನ್ನೂ ಗೊತ್ತುಮಾಡಿತು. ಆಟಕ್ಕೆಂದೇ ಪ್ರತ್ಯೇಕವಾದ ಹಣವನ್ನು ತೆಗೆದಿರಿಸಿದುದು ಶ್ಲಾಘನೀಯವೇ ಸರಿ. ಆದರೆ ಗಣಿತವನ್ನು ಮಾಡಿ ನೋಡಿದರೆ, 20 ಮಕ್ಕಳಿರುವ ಕಿರಿಯ ಶಾಲೆಯಲ್ಲಿ ತಲೆಗೆ 250 ರೂಪಾಯಿ, 100 ಮಕ್ಕಳಿರುವಲ್ಲಿ 50 ರೂಪಾಯಿ ಬೀಳುವುದು. ಅದೂ ಒಂದು ದಿನಕ್ಕಲ್ಲ, ಇಡೀ ವರ್ಷಕ್ಕೆ. ಈ ಮೊತ್ತದಿಂದ ಕೆಲವು ಚೆಂಡುಗಳೂ ಹಗ್ಗಗಳೂ ಬಂದಾವು. ಕಲಿಸುವವರು ಬರಲಾರರು, ಬಯಲು ಸಮತಟ್ಟಾಗಲಾರದು.

ಊಟದ ವಿಷಯದಲ್ಲಿ ನಮ್ಮ ರಾಜ್ಯವು ಉದಾರವಾಗಿ ನಡೆದುಕೊಂಡಿದೆ. ಅಕ್ಷರ ದಾಸೋಹದಿಂದ ಬಿಸಿಯೂಟವೂ, 2013ರಲ್ಲಿ ಪ್ರಾರಂಭವಾದ ಕ್ಷೀರಭಾಗ್ಯದಿಂದ ಹಾಲೂ ಮಕ್ಕಳಿಗೆ ದೊರೆತವು. ಉಂಡ ಅನ್ನವು ಎಲುಬಾಗಿ ಸ್ನಾಯುವಾಗಿ ಪರಿಣಮಿಸಬೇಕಾದರೆ ಚಲನೆಯು ಅವಶ್ಯಕ. ಐದರಿಂದ ಹದಿನೇಳು ವರ್ಷದವರು ದಿನವೊಂದಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಬಿರುಸಾಗುವಷ್ಟು ದುಡಿಯಬೇಕು, ವಾರಕ್ಕೆ ಮೂರು ದಿನವಾದರೂ ಎಲುಬು ಸ್ನಾಯುಗಳನ್ನು ಬಲಪಡಿಸುವ ಆಟಗಳಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ಹೇಳಿರುವುದು.

ಪರದೇಶದ ಒಂದು ದೃಷ್ಟಾಂತವು ಇಲ್ಲಿ ಉಪಯುಕ್ತವಾದೀತು. ಇಂಗ್ಲೆಂಡಿನಲ್ಲಿ ದಕ್ಷಿಣ ಆಫ್ರಿಕದ ಬೋಯರ್ ಯುದ್ಧದ ಕಾಲಕ್ಕೆ ಸೈನ್ಯಕ್ಕೆ ಸೇರಬಂದವರಲ್ಲಿ ಅನೇಕರು ದೇಹದೌರ್ಬಲ್ಯದಿಂದ ತಿರಸ್ಕೃತರಾದರು. ಆ ದೇಶವು ಬೆಚ್ಚಿ ವಿಚಾರಣೆಯನ್ನು ನಡೆಸಿ, 1904ರಲ್ಲಿ ವರದಿಯನ್ನು ಪಡೆದು, 1906ರಲ್ಲಿ ಶಾಲಾಭೋಜನಕ್ಕೂ 1907ರಲ್ಲಿ ವೈದ್ಯಪರೀಕ್ಷೆಗೂ ಶಾಸನಗಳನ್ನು ಮಾಡಿ, 1909ರಲ್ಲಿ ಅಂಗಸಾಧನೆಯ ಪಠ್ಯಕ್ರಮವನ್ನು ಪರಿಷ್ಕರಿಸಿ ಹೊರಡಿಸಿತು. ಅನ್ನ, ವೈದ್ಯ, ವ್ಯಾಯಾಮ ಈ ಮೂರೂ ಒಂದೇ ಯೋಚನೆಯ ಅಂಗಗಳಾಗಿದ್ದವು. ಆ ಬಳಿಕ ಒಂದು ಶತಮಾನ ಕಳೆದು, 2012ರ ಲಂಡನ್ ಒಲಿಂಪಿಕ್ ಕ್ರೀಡೆಗಳ ಮರುವರ್ಷ, ಪ್ರಾಥಮಿಕ ಶಾಲೆಗಳ ಅಂಗಸಾಧನೆಗೆಂದೇ ವರ್ಷಕ್ಕೆ 15 ಕೋಟಿ ಪೌಂಡುಗಳ ನಿಧಿಯನ್ನು ಅಲ್ಲಿಯ ಸರಕಾರವು ಏರ್ಪಡಿಸಿತು. 2017ರಲ್ಲಿ ಇದು 32 ಕೋಟಿಗೆ ಏರಿತು. ಸಕ್ಕರೆ ಬೆರೆಸಿದ ಪಾನೀಯಗಳ ಮೇಲೆ ವಿಧಿಸಲು ನಿಶ್ಚಯಿಸಿದ ತೆರಿಗೆಯ ಹುಟ್ಟುವಳಿಯಿಂದ ಈ ಏರಿಕೆಯನ್ನು ಸರಿದೂಗಿಸುವುದೆಂದು ಗೊತ್ತಾಯಿತು. ಮಕ್ಕಳ ಮೈಗೆ ಹಾನಿಮಾಡುವ ವಸ್ತುವಿನಿಂದ ಬಂದ ಹಣವು ಮಕ್ಕಳ ಮೈಯ ಹಿತಕ್ಕೇ ಸಲ್ಲಬೇಕೆಂಬ ಈ ಏರ್ಪಾಡು ನ್ಯಾಯವಾದುದು. 17 ಅಥವಾ ಅದಕ್ಕೆ ಹೆಚ್ಚು ಮಕ್ಕಳಿರುವ ಶಾಲೆಗೆ 16,000 ಪೌಂಡುಗಳೂ ಅದರ ಮೇಲೆ ಮಗುವೊಂದಕ್ಕೆ 10 ಪೌಂಡುಗಳೂ, ಅದಕ್ಕೂ ಚಿಕ್ಕ ಶಾಲೆಗೆ ಮಗುವೊಂದಕ್ಕೆ 1,000 ಪೌಂಡುಗಳೂ ನಿಗದಿಯಾದವು.

ಅವರ ಧನಬಲವು ನಮಗಿಲ್ಲವೆಂಬುದು ನಿಜ. ಗ್ರಹಿಸತಕ್ಕದ್ದು ಮೊತ್ತವನ್ನಲ್ಲ, ಕಟ್ಟುಪಾಡನ್ನು. ಈ ಹಣವನ್ನು ಬೇರೆ ಬಾಬಿಗೆ ಖರ್ಚುಮಾಡಕೂಡದು, ಕಟ್ಟಡಕ್ಕೆ ಹಾಕಕೂಡದು, ಶಾಲೆಯು ಹೇಗೂ ಮಾಡಲೇಬೇಕಾದ ಕನಿಷ್ಠ ಪಾಠಕ್ಕೆ ಇದನ್ನು ಬಳಸಕೂಡದು, ಎಷ್ಟು ಬಂದಿತು, ಯಾವುದಕ್ಕೆ ಹೋಯಿತು, ಮಕ್ಕಳಿಗೆ ಏನು ಫಲವಾಯಿತು ಎಂಬುದನ್ನು ಸಾರ್ವಜನಿಕರಿಗೆ ಪ್ರಕಟಿಸಬೇಕು, ಕಡೆಯ ತರಗತಿಯ ಮಕ್ಕಳಲ್ಲಿ 25 ಮೀಟರು ಈಜಬಲ್ಲವರು ಎಷ್ಟು ಮಂದಿಯೆಂಬುದನ್ನೂ ತಿಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆಗುವ ಸುಧಾರಣೆಯು ಹಣ ನಿಂತ ಮೇಲೆಯೂ ನಿಲ್ಲುವಂಥದಾಗಬೇಕು. ಹೊರಗಿನ ತರಬೇತುಗಾರನೊಬ್ಬನನ್ನು ಕೂಲಿಗೆ ಕರೆಸಿ, ತರಗತಿಯ ಉಪಾಧ್ಯಾಯರು ಆ ಹೊತ್ತಿಗೆ ಬೇರೆ ಕೆಲಸಕ್ಕೆ ಹೋದರೆ, ಹಣದೊಡನೆ ಆತನೂ ಹೋಗುವನು, ವಿದ್ಯೆಯೂ ಹೋಗುವುದು. ಉಪಾಧ್ಯಾಯರು ಆತನ ಪಕ್ಕದಲ್ಲಿ ನಿಂತು ಕಲಿತುಕೊಂಡರೆ ಅದು ಶಾಲೆಯ ಆಸ್ತಿಯಾಗಿ ಉಳಿಯುವುದು.

ಇದರಿಂದ ನಮ್ಮ ಶಾಲೆಗಳಿಗೆ ಹೊರಡುವ ವಿಧಿಗಳು ಮೂರು. ಮೊದಲನೆಯದು, ದೊರೆತ ಹಣದಲ್ಲಿ ಪ್ರಥಮ ಭಾಗವು ಉಪಾಧ್ಯಾಯರ ಶಿಕ್ಷಣಕ್ಕೆ ಸಲ್ಲಬೇಕು. ಸಮೀಪದ ಪ್ರೌಢಶಾಲೆಯ ದೈಹಿಕ ಶಿಕ್ಷಕರನ್ನು ರಜೆಯಲ್ಲಿ ಕರೆಸಿ ಹತ್ತಾರು ಹಳ್ಳಿಗಳ ಉಪಾಧ್ಯಾಯರಿಗೂ ಉಪಾಧ್ಯಾಯಿನಿಯರಿಗೂ ಒಂದು ವಾರ ಅಭ್ಯಾಸವನ್ನು ಮಾಡಿಸುವುದು ದುಬಾರಿಯಾದ ಕಾರ್ಯವಲ್ಲ. ಎರಡನೆಯದು, ಸಾಮಗ್ರಿಯು ಎಲ್ಲರ ಕೈಗೂ ಸಿಗುವಂತಿರಬೇಕು. ಬೆಲೆಬಾಳುವ ಒಂದು ಕ್ರಿಕೆಟ್ ದಾಂಡಿಗಿಂತ ಇಪ್ಪತ್ತು ಚಿಕ್ಕ ಚೆಂಡುಗಳೂ ಇಪ್ಪತ್ತು ಹಗ್ಗಗಳೂ ಮೇಲು. ಲಗೋರಿ, ಕುಂಟಬಿಲ್ಲೆ, ಖೋ ಖೋ, ಕಬಡ್ಡಿ, ಹಗ್ಗಜಗ್ಗಾಟ ಇವುಗಳಿಗೆ ಬೇಕಾಗುವುದು ಕಲ್ಲಿಲ್ಲದ ನೆಲವೂ ಸುಣ್ಣದ ಗೆರೆಯೂ ಮಾತ್ರ. ಮೂರನೆಯದು, ಫಲವನ್ನು ಅಳೆಯುವಾಗ ತಾಲ್ಲೂಕು ಪಂದ್ಯದಲ್ಲಿ ಗೆದ್ದ ಬಹುಮಾನಗಳನ್ನು ಎಣಿಸದೆ, ಪ್ರತಿದಿನ ಬೆವರಿದ ಮಕ್ಕಳನ್ನು ಎಣಿಸಬೇಕು. ಹೆಣ್ಣುಮಕ್ಕಳಿಗೂ ಬಯಲಿನಲ್ಲಿ ಸಮಪಾಲು ಇರಬೇಕು. ಕಣ್ಣು ಕಾಲುಗಳಲ್ಲಿ ಊನವುಳ್ಳ ಮಕ್ಕಳಿಗೂ ಇತರರಂತೆಯೇ ಆಟದ ಅವಕಾಶವಿರಬೇಕೆಂದು 2016ರ ಕಾಯಿದೆಯು ವಿಧಿಸಿರುವುದು. ಗೆಲ್ಲಬಲ್ಲ ಮಗುವು ಹೇಗೂ ದಾರಿಯನ್ನು ಕಂಡುಕೊಳ್ಳುವುದು. ಗೋಡೆಯ ನೆರಳಿನಲ್ಲಿ ಕುಳಿತ ಮಗುವಿಗಾಗಿಯೇ ಶಾಲೆಯು ಯೋಚಿಸಬೇಕಾಗಿರುವುದು.

ಇಷ್ಟು ಹೊತ್ತು ಆಟಕ್ಕೆ ಹೋದರೆ ಪಾಠದ ಗತಿಯೇನು ಎಂದು ಕೆಲವರು ಆಕ್ಷೇಪಿಸಬಹುದು. ಅವರ ಭಯವು ನಿರ್ಮೂಲವಾದುದಲ್ಲ. ಬಡವರ ಮಗುವಿಗೆ ಅಕ್ಷರವೊಂದೇ ಮೇಲೇರುವ ಮೆಟ್ಟಲು. ಕಾಯಿದೆಯು ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಬೋಧನೆಯನ್ನು ವಿಧಿಸಿರುವುದು. ದಿನಕ್ಕೆ ಅರ್ಧ ಗಂಟೆಯನ್ನು ಅಂಗಸಾಧನೆಗೆ ಕೊಟ್ಟರೆ ಅದು 100 ಗಂಟೆ, ಎಂದರೆ ಎಂಟರಲ್ಲಿ ಒಂದು ಪಾಲು. ನಾಲ್ಕು ಗಂಟೆ ಮಿಸುಕದೆ ಕುಳಿತ ಮಗುವಿನ ಗಮನವು ಕಡೆಯ ಗಂಟೆಯಲ್ಲಿ ಎಲ್ಲಿರುವುದೆಂಬುದನ್ನು ಉಪಾಧ್ಯಾಯರೆಲ್ಲರೂ ಬಲ್ಲರು. ಮೈಯಾಡಿಸಿ ಬಂದ ಮಗುವು ಉಳಿದ ಏಳು ಪಾಲನ್ನು ಎಚ್ಚರದಿಂದ ಬಳಸಿಕೊಂಡರೆ ನಷ್ಟವೆಲ್ಲಿಯದು?

ಸರಕಾರದ ಹಣವು ಸಾಲದಿರುವಲ್ಲಿ ಊರಿನವರು ಕೈಗೂಡಿಸಬೇಕು. ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕೆಂದೂ, ಅರ್ಧದಷ್ಟು ಸ್ತ್ರೀಯರಿರಬೇಕೆಂದೂ ಕಾಯಿದೆಯಿದೆ. ಅವರು ಸಭೆಯಲ್ಲಿ ಕ್ರೀಡಾ ಅನುದಾನದ ಲೆಕ್ಕವನ್ನು ಕೇಳಲಿ. ನಮ್ಮ ಜನರು ದಾನಶೂರರೇ. ಆದರೆ ಕಲ್ಲಿನ ಮೇಲೆ ಹೆಸರು ಮೂಡುವ ಕಟ್ಟಡಕ್ಕೆ ಬರುವ ಹಣವು ವರ್ಷವರ್ಷವೂ ಸವೆಯುವ ಚೆಂಡಿಗೂ ಹಗ್ಗಕ್ಕೂ ಬರುವುದಿಲ್ಲ. ಒಂದು ಲಕ್ಷ ರೂಪಾಯಿಯನ್ನು ಊರವರೆಲ್ಲ ಕೂಡಿ ಠೇವಣಿಯಾಗಿರಿಸಿದರೆ, ನೂರಕ್ಕೆ ಆರರ ಬಡ್ಡಿಯಂತೆ ವರ್ಷಕ್ಕೆ 6,000 ರೂಪಾಯಿ ಬರುವುದು. ಕಿರಿಯ ಶಾಲೆಗೆ 2018ರಲ್ಲಿ ಗೊತ್ತಾದ ಅನುದಾನಕ್ಕಿಂತ ಇದು ಹೆಚ್ಚು, ಮೂಲಧನವೂ ಕರಗದು. ಹೀಗೆ ಒಂದೊಂದು ಊರಿನಲ್ಲಿ ಒಂದೊಂದು ಬಾಲಕ್ರೀಡಾ ನಿಧಿಯು ಏರ್ಪಟ್ಟರೆ, ಸರಕಾರದ ಆಜ್ಞೆ ತಡವಾದ ವರ್ಷದಲ್ಲಿಯೂ ಮಕ್ಕಳ ಆಟವು ನಿಲ್ಲಲಾರದು.

ವಿದ್ಯಾರ್ಥಿನಿಲಯಗಳನ್ನು ನಡೆಸಿ ಅನ್ನವನ್ನೂ ಅಕ್ಷರವನ್ನೂ ನೀಡುತ್ತ ಬಂದ ಮಠಗಳಿಗೆ ಈ ಕಾರ್ಯದಲ್ಲಿ ವಿಶೇಷವಾದ ಹೊಣೆಯಿರುವುದು. ಮಠದ ಬಯಲು ಜಾತ್ರೆಯ ಕೆಲವು ದಿನಗಳನ್ನು ಬಿಟ್ಟರೆ ವರ್ಷವೆಲ್ಲ ಬರಿದಾಗಿರುವುದು. ಬಯಲಿಲ್ಲದ ನೆರೆಯ ಶಾಲೆಯ ಮಕ್ಕಳಿಗೆ, ಯಾವ ಜಾತಿಯವರೆಂದು ಕೇಳದೆ, ಅದನ್ನು ನಿತ್ಯವೂ ತೆರೆದಿಡುವುದು ದಾಸೋಹವೇ ಸರಿ. ಜಾತ್ರೆಯ ಕುಸ್ತಿಯ ಕಣಕ್ಕೆ ವೆಚ್ಚಮಾಡುವುದರಲ್ಲಿ ಹತ್ತರಲ್ಲಿ ಒಂದು ಪಾಲನ್ನು ಚಿಕ್ಕ ಮಕ್ಕಳ ನಿತ್ಯದ ಆಟಕ್ಕೆ ತೆಗೆದಿರಿಸಿದರೆ, ಮುಂದೆ ಆ ಕಣಕ್ಕಿಳಿಯುವ ಜಟ್ಟಿಗಳೂ ಅಲ್ಲಿಂದಲೇ ಸಿದ್ಧವಾಗುವರು.

ಉತ್ಸವವು ಮುಗಿದು ಚಪ್ಪರವನ್ನು ಬಿಚ್ಚಿದ ಮೇಲೆ, ಈ ನೆಲದಲ್ಲಿ ಸಂಜೆ ಸಂಜೆಗೂ ಮಕ್ಕಳ ಕೇಕೆಯು ಕೇಳುವಂತಾಗಲಿ. ಅದಕ್ಕೆ ಬೇಕಾದ ಮನಸ್ಸೂ ಧನವೂ ಈ ಸಭೆಯಿಂದಲೇ ಒದಗಲಿ ಎಂದು ಹಾರೈಸಿ ಈ ಉಪನ್ಯಾಸವು ಮುಗಿಸಲ್ಪಡುವುದು.