ಯಾರ ಚಿತ್ರದ ಮೇಲೆ ನಮ್ಮ ಪಾದ?

(ಮೈಸೂರಿನ ಯೋಗ ಶಿಬಿರವೊಂದರ ಸಮಾರೋಪದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಆಸನಕ್ಕೆ ಹಾಸು ಬೇಕೆಂಬುದು ಹಳೆಯ ಮಾತು. ದರ್ಭೆ, ಅದರ ಮೇಲೆ ಜಿಂಕೆ ಚರ್ಮ, ಅದರ ಮೇಲೆ ಬಟ್ಟೆ ಎಂಬ ಕ್ರಮ ಭಗವದ್ಗೀತೆಯಲ್ಲೇ ಬರುತ್ತದೆ. ಜಾರದ ರಬ್ಬರಿನ ಹಾಸು ಮಾತ್ರ ಪಶ್ಚಿಮದ ಕೊಡುಗೆ. ಇದೇ ಊರಿನಲ್ಲಿ ಕೃಷ್ಣಮಾಚಾರ್ಯರು ಕಲಿಸಿದ ಯೋಗವನ್ನು ಅವರ ಶಿಷ್ಯರಾದ ಪಟ್ಟಾಭಿ ಜೋಯಿಸ್ ಮತ್ತು ಬಿ.ಕೆ.ಎಸ್. ಅಯ್ಯಂಗಾರ್ ಹೊರದೇಶಗಳಿಗೆ ಮುಟ್ಟಿಸಿದರು. ಯೋಗ ಹೊರಗೆ ಹೋಯಿತು, ‘ಯೋಗ ಮ್ಯಾಟ್’ ಒಳಗೆ ಬಂತು.

ಈ ಮ್ಯಾಟ್‌ಗಳಲ್ಲಿ ಒಂದು ಬಗೆಯ ಬಗ್ಗೆ ಇಂದು ಮಾತನಾಡುತ್ತೇನೆ. ಆಸ್ಟ್ರೇಲಿಯದ ಅಂಗಡಿಗಳಲ್ಲಿ ಅಲ್ಲಿನ ಮೂಲನಿವಾಸಿಗಳ ಚಿತ್ರಕಲೆಯನ್ನು ಅಚ್ಚು ಹಾಕಿದ ಮ್ಯಾಟ್‌ಗಳು ಸಿಗುತ್ತವೆ. ಕೆಂಪು, ಹಳದಿ, ಕಪ್ಪು ಬಣ್ಣದ ಸಾವಿರಾರು ಚುಕ್ಕೆಗಳು, ಒಂದರೊಳಗೊಂದು ವೃತ್ತಗಳು, ಬಳುಕುವ ಗೆರೆಗಳು. ನೋಡಲು ಬಹಳ ಚೆಂದ. ಆದರೆ ಅದು ಬರೀ ಅಲಂಕಾರವೇ?

ಅಲ್ಲ. ಮರುಭೂಮಿಯ ಜನರ ಚಿತ್ರಗಳಲ್ಲಿ ಆ ವೃತ್ತ ನೀರಿನ ಹೊಂಡವಾಗಿರಬಹುದು, ಬೀಡು ಬಿಟ್ಟ ಜಾಗವಾಗಿರಬಹುದು. ಕುದುರೆಲಾಳದಂಥ ಗುರುತು ಎಂದರೆ ಮರಳಿನ ಮೇಲೆ ಕುಳಿತ ಮನುಷ್ಯ. ಗೆರೆ ಎಂದರೆ ದಾರಿ. ಲೋಕ ಹುಟ್ಟಿದ ಕಾಲದಲ್ಲಿ ಪೂರ್ವಿಕರು ಯಾವ ಹಾದಿಯಲ್ಲಿ ನಡೆದರು, ಎಲ್ಲಿ ನಿಂತರು ಎಂಬ ಕಥೆ ಅದರಲ್ಲಿದೆ. ಆ ಕಥೆಯನ್ನು ಬರೆಯುವ ಹಕ್ಕು ಆ ನೆಲಕ್ಕೆ ಸೇರಿದ ಕುಲದವರಿಗೆ ಮಾತ್ರ. ಒಂದರ್ಥದಲ್ಲಿ ಅದು ನೆಲದ ಹಕ್ಕುಪತ್ರ.

ಮಧ್ಯ ಆಸ್ಟ್ರೇಲಿಯದ ಪಪುನ್ಯಾ ಎಂಬಲ್ಲಿ 1971ರಲ್ಲಿ ಶಾಲಾ ಶಿಕ್ಷಕ ಜೆಫ್ರಿ ಬಾರ್ಡನ್ ಪ್ರೋತ್ಸಾಹದಿಂದ ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಕಥೆ ಬರೆದರು. ಮರಳಿನ ಮೇಲೆ, ಮೈಮೇಲೆ ಬರೆಯುತ್ತಿದ್ದ ಚಿತ್ರ ಹಲಗೆಗೆ, ಕ್ಯಾನ್ವಾಸಿಗೆ ಬಂದದ್ದು ಹೀಗೆ. ಆರಂಭದ ಕೆಲವು ಚಿತ್ರಗಳಲ್ಲಿ ಹೊರಗಿನವರು ನೋಡಬಾರದ ಸಂಕೇತಗಳಿವೆ ಎಂದು ಅವರದೇ ಜನ ಆಕ್ಷೇಪಿಸಿದರು. ಆಮೇಲೆ ಕಲಾವಿದರು ಅಂಥ ಗುಟ್ಟಿನ ಸಂಕೇತಗಳನ್ನು ಕೈಬಿಟ್ಟರು, ಇಲ್ಲವೇ ಮರೆಮಾಡಿದರು.

ಇಷ್ಟು ಎಚ್ಚರದಿಂದ ಕಾಪಾಡಿದ ಚಿತ್ರಗಳನ್ನು ಹೊರಗಿನ ಲೋಕ ಹೇಗೆ ನಡೆಸಿಕೊಂಡಿತು? 1966ರಲ್ಲಿ ಬಂದ ಆಸ್ಟ್ರೇಲಿಯದ ಒಂದು ಡಾಲರ್ ನೋಟಿನಲ್ಲಿ ಡೇವಿಡ್ ಮಲಂಗಿ ಎಂಬ ಕಲಾವಿದರ ತೊಗಟೆ ಚಿತ್ರವಿತ್ತು. ಅವರನ್ನು ಯಾರೂ ಕೇಳಿರಲಿಲ್ಲ. ಸುದ್ದಿಯಾದ ಮೇಲೆ ಸಾವಿರ ಡಾಲರ್, ಒಂದು ಪದಕ, ಮೀನು ಹಿಡಿಯುವ ಸಲಕರಣೆ ಕೊಟ್ಟರು. ದೇಶದ ನೋಟಿನ ಕಥೆಯೇ ಹೀಗಾದರೆ ಅಂಗಡಿಯ ಸರಕಿನ ಪಾಡೇನು?

ನಮ್ಮ ವಿಷಯಕ್ಕೆ ತೀರ ಹತ್ತಿರದ್ದು 1994ರ ರತ್ನಗಂಬಳಿ ಮೊಕದ್ದಮೆ. ಪರ್ತ್ ನಗರದ ಕಂಪನಿಯೊಂದು ಮೂಲನಿವಾಸಿ ಕಲಾವಿದರ ಚಿತ್ರಗಳನ್ನು ವಿಯೆಟ್ನಾಮಿನಲ್ಲಿ ಗಂಬಳಿಯಾಗಿ ನೇಯಿಸಿ ತರಿಸಿತು. ಜನರಿಗೆ ತಿಳಿವಳಿಕೆ ಕೊಡಲು ಅಚ್ಚು ಹಾಕಿಸಿದ್ದ ಚಿತ್ರಸಂಪುಟದಿಂದ ನಕಲು ಮಾಡಿದ್ದು. ಗಂಬಳಿಗೆ ಕಟ್ಟಿದ ಚೀಟಿಯಲ್ಲಿ ಮಾತ್ರ, ಪ್ರತಿ ಮಾರಾಟಕ್ಕೂ ಕಲಾವಿದರಿಗೆ ಗೌರವಧನ ಸಲ್ಲುತ್ತದೆ ಎಂದಿತ್ತು. ಅದು ಸುಳ್ಳು.

ಜಾರ್ಜ್ ಮಿಲ್‌ಪುರುರು, ಬಂಡುಕ್ ಮರಿಕಾ ಮೊದಲಾದವರು ಕೋರ್ಟಿಗೆ ಹೋದರು. ಬಂಡುಕ್ ಅವರ ಚಿತ್ರದಲ್ಲಿದ್ದದ್ದು ಅವರ ಕುಲದ ಸೃಷ್ಟಿಕಥೆಯ ಪವಿತ್ರ ನೀರುಹೊಂಡ. ಅದನ್ನು ಜನ ತುಳಿದು ಓಡಾಡುವಂತಾಯಿತು. ಅವರ ಸಂಪ್ರದಾಯದಲ್ಲಿ ಇಂಥದಕ್ಕೆ, ತನಗೆ ಗೊತ್ತಿಲ್ಲದೆ ನಡೆದರೂ, ಕಲಾವಿದನೇ ಹೊಣೆ. ಚಿತ್ರ ಬರೆಯುವ ಹಕ್ಕೇ ಹೋಗಬಹುದು. ಮಾನ ಕಳೆದದ್ದು ಕಂಪನಿ, ತಲೆ ತಗ್ಗಿಸಬೇಕಾದದ್ದು ಕಲಾವಿದೆ. ಇದನ್ನು ಗುರುತಿಸಿದ ನ್ಯಾಯಾಧೀಶ ವಾನ್ ಡೌಸಾ, ಹಣದ ನಷ್ಟದ ಜೊತೆಗೆ ಸಾಂಸ್ಕೃತಿಕ ನೋವಿಗೂ ಸೇರಿಸಿ 1,88,000ಕ್ಕೂ ಹೆಚ್ಚು ಡಾಲರ್ ಪರಿಹಾರ ವಿಧಿಸಿದರು.

ಈ ನೋವು ನಮಗೆ ಅರ್ಥವಾಗದ್ದೇನಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಜನ ನಾವು. 2017ರಲ್ಲಿ ಅಮೆಜಾನ್‌ನ ಕೆನಡಾ ತಾಣದಲ್ಲಿ ನಮ್ಮ ತ್ರಿವರ್ಣ ಧ್ವಜದ ಕಾಲೊರಸು ಮಾರಾಟಕ್ಕಿದ್ದಾಗ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರೇ ದನಿಯೆತ್ತಿದರು, ಅದನ್ನು ತೆಗೆದುಹಾಕಲಾಯಿತು. ನಮ್ಮ ಬೆನ್ನಿಗೆ ಒಂದು ಸರ್ಕಾರವಿತ್ತು. ಒಂದು ಕುಲದ ಚಿತ್ರಕ್ಕೆ ಅಷ್ಟು ಬಲವೆಲ್ಲಿ?

ಕಾನೂನಿನಲ್ಲೂ ದೊಡ್ಡ ಕಂಡಿಯಿದೆ. ಕೃತಿಸ್ವಾಮ್ಯ ಕಾಯುವುದು ಒಬ್ಬ ಕಲಾವಿದನ ಒಂದು ಚಿತ್ರವನ್ನು, ಅದೂ ಆತ ತೀರಿಕೊಂಡ ಎಪ್ಪತ್ತು ವರ್ಷದವರೆಗೆ. ತಲೆತಲಾಂತರದಿಂದ ಬಂದ ಶೈಲಿಗೆ ರಕ್ಷಣೆಯಿಲ್ಲ. ಯಾರದೂ ಅಲ್ಲದ ನಾಲ್ಕು ಚುಕ್ಕೆ ಇಟ್ಟು ‘ಮೂಲನಿವಾಸಿ ಕಲೆ’ ಎಂದು ಮಾರಿದರೆ ಕೃತಿಸ್ವಾಮ್ಯದ ಕಾನೂನು ಏನೂ ಮಾಡಲಾರದು. ಇಂಡೊನೇಷ್ಯದಲ್ಲಿ ತಯಾರಿಸಿದ ಬೂಮರಾಂಗ್ ಇತ್ಯಾದಿಗಳನ್ನು ಅಸಲಿಯೆಂಬಂತೆ ಮಾರಿದ ಬಿರುಬಿ ಆರ್ಟ್ ಕಂಪನಿಗೆ 2019ರಲ್ಲಿ 23 ಲಕ್ಷ ಡಾಲರ್ ದಂಡ ಬಿತ್ತು. ಆದರೆ ಅದು ಗ್ರಾಹಕರಿಗೆ ಮೋಸ ಮಾಡಿದ್ದಕ್ಕೆ, ಕಲೆ ಕದ್ದಿದ್ದಕ್ಕಲ್ಲ. ಕಂಪನಿ ಆಗಲೇ ಬಾಗಿಲು ಹಾಕಿತ್ತು. ಇಂಥ ಸ್ಮರಣಿಕೆ ವಸ್ತುಗಳಿಗೆ ಜನ ಕೊಡುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ನಕಲಿ ಸರಕಿಗೆ ಹೋಗುತ್ತದೆಂದು ಅಲ್ಲಿನ ಉತ್ಪಾದಕತಾ ಆಯೋಗ 2022ರಲ್ಲಿ ವರದಿ ಮಾಡಿದೆ.

ಹಾಗಾದರೆ ಇಂಥ ಮ್ಯಾಟ್ ಕೊಳ್ಳಲೇಬಾರದೆ? ನಾನು ಹಾಗೆ ಹೇಳುವುದಿಲ್ಲ. ಎಲ್ಲ ಚಿತ್ರವೂ ಪವಿತ್ರವಲ್ಲ, ಹೊರಗೆ ತೋರಿಸಲೆಂದೇ ಬರೆದವೂ ಇವೆ. ಯಾವುದನ್ನು ಯಾವ ವಸ್ತುವಿಗೆ ಕೊಡಬಹುದೆಂದು ಕಲಾವಿದರೇ ತೀರ್ಮಾನಿಸಿ, ಒಪ್ಪಂದ ಮಾಡಿಕೊಂಡು ಗೌರವಧನ ಪಡೆಯುವ ವ್ಯವಸ್ಥೆಯೂ ಇದೆ. ದಕ್ಷಿಣ ಆಸ್ಟ್ರೇಲಿಯದ ‘ಬೆಟರ್ ವರ್ಲ್ಡ್ ಆರ್ಟ್ಸ್’ ಸಂಸ್ಥೆ ಹೀಗೆ ಅನುಮತಿ ಪಡೆದ ಚಿತ್ರಗಳನ್ನು ನಮ್ಮ ಕಾಶ್ಮೀರದ ಕುಶಲಕರ್ಮಿಗಳಿಂದ ಉಣ್ಣೆಯ ಕಸೂತಿ ಹಾಸುಗಳನ್ನಾಗಿ ಮಾಡಿಸುತ್ತದೆ. ಅಲ್ಲೂ ನೆಲಹಾಸು, ಇಲ್ಲೂ ನೆಲಹಾಸು. ವ್ಯತ್ಯಾಸವಿರುವುದು ಒಂದೇ: ಕೇಳಿದರೋ ಇಲ್ಲವೋ.

ಆದ್ದರಿಂದ ಅಂಥ ಮ್ಯಾಟ್ ಕೈಗೆ ಬಂದಾಗ ತಿರುಗಿಸಿ ನೋಡಿ. ಕಲಾವಿದರ ಹೆಸರಿದೆಯೇ? ಅವರ ಊರು, ಸಮುದಾಯ ಯಾವುದೆಂದು ಬರೆದಿದೆಯೇ? ಯಾರ ಒಪ್ಪಿಗೆಯಿಂದ, ಯಾರಿಗೆ ಹಣ ಸಲ್ಲಿಸಿ ಅಚ್ಚು ಹಾಕಿದ್ದಾರೆಂದು ಅಂಗಡಿಯವರು ಹೇಳಬಲ್ಲರೇ? ಚೀಟಿಯ ಮಾತನ್ನಷ್ಟೇ ನಂಬಬೇಡಿ, ಗಂಬಳಿಗೂ ಚೀಟಿಯಿತ್ತು. ಯೋಗಸೂತ್ರದ ಯಮಗಳಲ್ಲಿ ಅಸ್ತೇಯವೂ ಒಂದೆಂದು ಈ ಶಿಬಿರದಲ್ಲೇ ನಿಮಗೆ ಹೇಳಿಕೊಟ್ಟಿದ್ದಾರೆ. ಪರರ ವಸ್ತುವನ್ನು ಕದಿಯದಿರುವುದು ಎಂದರ್ಥ. ಆಸನಕ್ಕಿಂತ ಮೊದಲು ಬರುವ ಪಾಠ ಅದು, ಹಾಸಿಗೂ ಅನ್ವಯಿಸುತ್ತದೆ.